ರೂಪಾಯಿಯ ಮೇಲೆ ಮೂಡಿದ ಬೆರಳು

ನಮ್ಮ ಮನೆಯವರಿಗೆ ವರ್ಷಕ್ಕೊಮ್ಮೆ ತಿಕ್ಕುವ ಹುಚ್ಚು ಹಿಡಿಯುತ್ತದೆ. ಉಳಿದ ದಿನಗಳಲ್ಲಿ ಚಹಾ ಕುಡಿದ ಕಪ್ಪು-ಬಸಿಗಳನ್ನು ಕುಳಿತಲ್ಲೇ ಬಿಟ್ಟು ಏಳುವ ಈ ಮನುಷ್ಯ, ದೀಪಾವಳಿ ಹತ್ತಿರ ಬಂತೆಂದರೆ ಲುಂಗಿ ಎತ್ತಿ ಕಟ್ಟಿ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕುಳಿತುಬಿಡುತ್ತಾರೆ. ಹಿತ್ತಾಳೆಗೆ ಹುಣಸೆಹಣ್ಣು, ತಾಮ್ರಕ್ಕೆ ನಿಂಬೆ ಸಿಪ್ಪೆ, ಬೆಳ್ಳಿಗೆ ಹಲ್ಲುಪುಡಿ. ಗಂಟೆ, ಆರತಿ ತಟ್ಟೆ, ದೀಪದ ಕಂಬ, ಯಾವುದೂ ಅವರ ಕೈಯಿಂದ ಪಾರಾಗುವುದಿಲ್ಲ. ಹೊಳೆಯದ ವಸ್ತುವನ್ನು ಕಂಡರೆ ಅದು ತಮ್ಮನ್ನು ಅಣಕಿಸುತ್ತಿದೆ ಅನ್ನಿಸುತ್ತದಂತೆ ಅವರಿಗೆ. ನಾನು ಹೇಳುತ್ತಿರುವುದಲ್ಲ, ಅವರೇ ಹೇಳಿದ್ದು.

ಈ ಸಲ ನಾನು ಅಡುಗೆಮನೆಯಲ್ಲಿ ಕರ್ಚಿಕಾಯಿ ಕರಿಯುತ್ತಿದ್ದೆ. ಕಿಟಕಿಯಿಂದ ಹೊರಗೆ ನೋಡುತ್ತೇನೆ, ಅವರ ಎಡಗೈಯಲ್ಲಿ ನನ್ನ ಬೆಳ್ಳಿ ರೂಪಾಯಿ, ಬಲಗೈ ಬೆರಳ ತುದಿಯಲ್ಲಿ ಹಲ್ಲುಪುಡಿ.

"ಮುಟ್ಟಬ್ಯಾಡ್ರಿ ಅದನ್ನ!"

ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಕಂಪೌಂಡಿನ ಮೇಲಿಂದ ಇಣುಕಿದರು. ವಿಜಯಪುರದ ನಮ್ಮ ಓಣಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಕಿರುಚಾಟವೆಂದರೆ ಕೇಳಬೇಕೆ?

"ಯಾಕ ಹಂಗ ಚೀರ್ತಿ? ಹಾವ ಬಂತೇನೋ ಅಂದ್ಕೊಂಡ್ನಿ," ಎಂದರು ನಮ್ಮವರು. "ಕರ್ರಗಾಗೇತಿ, ತಿಕ್ಕಿದ್ರ ಏನಾತು?"

"ಕರ್ರಗಾಗೇತಿ ಅಂತನ ಇಟ್ಟೇನ್ರಿ. ಕೊಡ್ರಿ ಇಲ್ಲೆ."

ಕೈಗೆ ಕೊಟ್ಟ ಮೇಲೆ ಅವರಿಗೆ ಗುರುತು ಸಿಕ್ಕಿತು. "ಓಹ್, ಆ ರೂಪಾಯಿ," ಎಂದು ಕತ್ತು ಕೆರೆದುಕೊಂಡರು. ತಿಕ್ಕುವ ಭರದಲ್ಲಿ ಅವರಿಗೆ ಹೆಂಡತಿಯ ಗುರುತೂ ಸಿಗುವುದಿಲ್ಲ, ರೂಪಾಯಿಯದೇನು ದೊಡ್ಡ ಮಾತು.

ಮಗಳು ಅಕ್ಷತಾ ಓಡಿಬಂದಳು. ಅವಳು ಕಾಲೇಜಿನಲ್ಲಿ ಓದುತ್ತಾಳೆ, ಜಗತ್ತಿನ ಸಕಲ ವಿದ್ಯೆಯೂ ಅವಳ ಮೊಬೈಲಿನಲ್ಲಿದೆ. ನಾಣ್ಯವನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಮಮ್ಮೀ, ಇದು ಹೊಲಸಲ್ಲ. ಇದಕ್ಕ ಟೋನಿಂಗ್ ಅಂತಾರ. ಬಣ್ಣಾ ತಾನ ಬಂದಿರಬೇಕು, ಯಾರೂ ಬಳದಿರಬಾರದು. ಇಂಥಾವನ್ನ ಮಂದಿ ಭೂತಗನ್ನಡಿ ಹಿಡದು ನೋಡ್ತಾರ. ನಮ್ಮದಕ್ಕ ಹ್ಯಾಂಗ ಬಂತು ಇದು?"

ಅದನ್ನು ಹೇಳಲು ನಿಂತರೆ ಕರ್ಚಿಕಾಯಿ ಸೀದು ಹೋಗುತ್ತಿದ್ದವು. "ನಿಮ್ಮಪ್ಪನ್ನ ಕೇಳು," ಎಂದು ಒಳಗೆ ಬಂದೆ. ಅವಳಪ್ಪ ಏನು ಹೇಳಿದರೋ ನನಗೆ ಗೊತ್ತಿಲ್ಲ. ಹಬ್ಬ ಮುಗಿದು ಮನೆ ತಣ್ಣಗಾಗಿರುವ ಈ ಹೊತ್ತಿನಲ್ಲಿ ನಿಮಗಾದರೂ ಸರಿಯಾಗಿ ಹೇಳುತ್ತೇನೆ.

ಅದು ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಹೊರಡಿಸಿದ ಹತ್ತು ರೂಪಾಯಿಯ ನಾಣ್ಯ. ಒಂದು ಬದಿಗೆ ಸಿಂಹಗಳು, ಇನ್ನೊಂದು ಬದಿಗೆ ಬಾವುಟ ಹಿಡಿದ ಒಬ್ಬ ತರುಣ, ಒಬ್ಬ ತರುಣಿ. ಹತ್ತು ರೂಪಾಯಿಯದಾದರೂ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಬೆಳ್ಳಿ ರೂಪಾಯಿಯೇ. ಪೂರ್ತಿ ಬೆಳ್ಳಿಯೂ ಅಲ್ಲ, ಅರ್ಧ ಬೆಳ್ಳಿ, ಉಳಿದದ್ದರಲ್ಲಿ ಹೆಚ್ಚು ಪಾಲು ತಾಮ್ರ. ಈಗ ಅದರ ಅಂಚಿನ ಸುತ್ತ ನವಿಲುಗತ್ತಿನ ನೀಲಿ ಇದೆ. ನೀಲಿಯ ಒಳಗೆ ನೇರಳೆ, ಅದರೊಳಗೆ ಕೆಂಪುಗಂದು, ನಟ್ಟನಡುವೆ ಮಾಸಲು ಹಳದಿ. ತಿರುಗಿಸಿದರೆ ಸಿಂಹಗಳ ಮೇಲೆಲ್ಲ ಬಲೆ ಬೀಸಿದ ಹಾಗೆ ಕಪ್ಪು ಚೌಕುಳಿಗಳು. ಮತ್ತೆ ಈ ಬದಿಗೆ, ಬಾವುಟ ಹಿಡಿದ ಹುಡುಗಿಯ ಪಕ್ಕದಲ್ಲಿ, ಒಂದು ಹೆಬ್ಬೆರಳಿನ ಗುರುತು. ಗೆರೆ ಗೆರೆ ಎಣಿಸುವಷ್ಟು ಸ್ವಚ್ಛವಾಗಿದೆ. ಆ ಬೆರಳು ನನ್ನದು.

ಬೆಳ್ಳಿಗೆ ಬಣ್ಣ ಬರುವುದು ನನಗೆ ಹೊಸದೇನೂ ಆಗಿರಲಿಲ್ಲ. ಅರಕೇರಿಯಲ್ಲಿದ್ದ ನನ್ನ ತಾಯಿಯ ತಾಯಿ ತನ್ನ ರಾಣಿ ಛಾಪಿನ ರೂಪಾಯಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಡುತ್ತಿದ್ದಳು. ಎಷ್ಟು ವರ್ಷ ಹಾಗೆಯೇ ಇತ್ತೋ, ಬಟ್ಟೆಯ ನೇಯ್ಗೆಯೆಲ್ಲ ರಾಣಿಯ ಕೆನ್ನೆಯ ಮೇಲೆ ಮೂಡಿತ್ತು, ಅಡ್ಡ ಎಳೆ, ಉದ್ದ ಎಳೆ. ಟಂಕಸಾಲೆಯವರೇ ರಾಣಿಗೆ ಸೀರೆ ಉಡಿಸಿ ಕಳಿಸಿದ್ದಾರೆ ಎಂದು ನಾನು ಸಾಲೆಯಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದೆ. ನಾನು ಬಿದ್ದು ಹಣೆ ಊದಿಸಿಕೊಂಡಾಗ ಅಜ್ಜಿ ಅದೇ ರೂಪಾಯಿಯನ್ನು ಬುಗುಟಿನ ಮೇಲೆ ಒತ್ತಿ ಹಿಡಿಯುತ್ತಿದ್ದಳು. ತಣ್ಣಗೆ ಹಿತವಾಗಿರುತ್ತಿತ್ತು. ಹಣೆಯ ಮೇಲೆ ರಾಣಿ ಮೂಡಿರಬಹುದೆಂದು ಆಮೇಲೆ ಎಷ್ಟೋ ಹೊತ್ತು ಕನ್ನಡಿ ನೋಡುತ್ತ ನಿಲ್ಲುತ್ತಿದ್ದೆ. ಮೂಡುತ್ತಿರಲಿಲ್ಲ.

ನಮ್ಮ ತಂದೆಯವರದು ಇನ್ನೊಂದು ಬಗೆ. ಅವರ ಹತ್ತಿರವೂ ಇಂಥ ಒಂದು ನೆನಪಿನ ನಾಣ್ಯವಿತ್ತು. ಅದನ್ನು ಕಾಗದದಲ್ಲಿ ಮಡಿಸಿ, ಕಾಗದ ಬಿಚ್ಚದಿರಲೆಂದು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿ ಇಟ್ಟಿದ್ದರು. ಬಹಳ ವರ್ಷ ಬಿಟ್ಟು ತೆರೆದು ನೋಡಿದರೆ ರಬ್ಬರ್ ಕರಗಿ ಕಾಗದದ ಒಳಗಿಳಿದು, ಸಿಂಹದ ಮೂಗಿನ ಮೇಲೆ ಕಪ್ಪು ಪಟ್ಟಿಯೊಂದನ್ನು ಎಳೆದುಬಿಟ್ಟಿತ್ತು. ತಂದೆಯವರು ಆ ನಾಣ್ಯವನ್ನು ನೋಡಿ, "ಸಿಂಹಕ್ಕ ಪೆಟ್ಟಾಗೇತಿ, ಪಟ್ಟಿ ಕಟ್ಯಾರ" ಎಂದು ನಗಿಸಿದ್ದು ನೆನಪಿದೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ, ಇಷ್ಟನ್ನು ನಾನು ಮುಂದೆ ಬಿ.ಎಸ್ಸಿ.ಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ತೆಗೆದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಆ ಜ್ಞಾನ ಪುಸ್ತಕದಲ್ಲೇ ಉಳಿಯಿತು, ನಾನು ಮದುವೆಯಾಗಿ ಘೋಣಸಗಿಗೆ ಹೋದೆ.

ಘೋಣಸಗಿ ಟಿಕೋಟಾ ಕಡೆಯ ಊರು. ನಮ್ಮ ಅತ್ತೆಮಾವಂದಿರ ದ್ರಾಕ್ಷಿ ತೋಟ ಅಲ್ಲಿದೆ, ಮನೆಯೂ ತೋಟದಲ್ಲೇ. ಪೇಟೆಯಲ್ಲಿ ಬೆಳೆದ ನನಗೆ ದ್ರಾಕ್ಷಿಯೆಂದರೆ ತಳ್ಳುಗಾಡಿಯಲ್ಲಿ ಸಿಗುವ ಹಣ್ಣು, ಒಣದ್ರಾಕ್ಷಿಯೆಂದರೆ ಶಿರಾದಲ್ಲಿ ಹುಡುಕಿ ತಿನ್ನುವ ವಸ್ತು. ಒಣದ್ರಾಕ್ಷಿಗೆ ಅಷ್ಟು ದೊಡ್ಡ ಶೆಡ್ಡು ಬೇಕು, ಅದರಲ್ಲಿ ಒಂದರ ಮೇಲೊಂದು ಬಲೆಯ ಅಂತಸ್ತು ಕಟ್ಟಬೇಕು, ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಹರವಬೇಕು, ಮಳೆ ಬಾರದಿರಲೆಂದು ದಿನಾ ಆಕಾಶ ನೋಡಬೇಕು, ಇದೆಲ್ಲ ನನಗೆ ಏನು ಗೊತ್ತು? ಮೊದಲ ದಿನ ಶೆಡ್ಡನ್ನು ದೂರದಿಂದ ನೋಡಿ, "ಇಷ್ಟ ದೊಡ್ಡ ಕೋಳಿ ಫಾರ್ಮ್ ಯಾರದ್ರಿ?" ಎಂದು ಕೇಳಿದ್ದೆ. ನಮ್ಮವರು ನಗಲಿಲ್ಲ. ಹೊಸ ಹೆಂಡತಿಯ ಮುಂದೆ ನಗಬಾರದೆಂದು ತಡೆದುಕೊಂಡು ಆಮೇಲೆ ಇಡೀ ಊರಿಗೆ ಹೇಳಿದರು.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಸುಗ್ಗಿಯ ಮೊದಲ ಗೊನೆಗಳನ್ನು ಬಲೆಯ ಮೇಲೆ ಹರವಿದ ದಿನ ಶೆಡ್ಡಿಗೆ ಪೂಜೆ. ಪೂಜೆ ಮುಗಿದ ಮೇಲೆ ಆ ಬೆಳ್ಳಿ ರೂಪಾಯಿಯನ್ನು ಲಕ್ಷ್ಮಿಯೆಂದು ಗೊನೆಗಳ ನಡುವೆ ಬಲೆಯ ಮೇಲೆ ಇಡುವುದು. ಹಣ್ಣು ಒಣಗಿ ಮಾಲು ಕೆಳಗೆ ಇಳಿಯುವ ತನಕ ಅದು ಅಲ್ಲೇ ಇರಬೇಕು. ಮಾಲಿನ ಜೊತೆಗೆ ಲಕ್ಷ್ಮಿಯೂ ಇಳಿದು ಮನೆಗೆ ಬರುತ್ತಾಳೆ. ಮಾವನವರು ಮೊದಲ ಸಲ ಬಳ್ಳಿ ಹಚ್ಚಿದ ಕಾಲದಿಂದ ಅತ್ತೆಯೇ ಅದನ್ನು ಇಡುತ್ತ ಬಂದಿದ್ದರು. ನಾನು ಹೋದ ವರ್ಷ ಅತ್ತೆ ರೂಪಾಯಿಯನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನ ಮ್ಯಾಲ ಇದು ನಿನ್ನ ಕೆಲಸಾ ಬೇ" ಎಂದರು. ನಾನು ಆಗಷ್ಟೇ ಗೊನೆ ಅದ್ದುವವರ ಜೊತೆ ಕೈ ಹಾಕಿ ಬಂದಿದ್ದೆ, ಬೆರಳೆಲ್ಲ ಎಣ್ಣೆ ಎಣ್ಣೆ. ಸೆರಗಿಗೆ ಒರೆಸಿಕೊಂಡೆ ಅನ್ನಿ. ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕುಂಕುಮ ಹಚ್ಚಿ, ಸಿಂಹದ ಬದಿ ಕೆಳಗೆ ಮಾಡಿ ಇಟ್ಟೆ. ಮನೆಯ ದೊಡ್ಡ ಕೆಲಸವೊಂದು ನನ್ನ ಕೈಗೆ ಬಂತೆಂದು ಹಿರಿಹಿರಿ ಹಿಗ್ಗಿದ್ದೆ.

ಅದೇ ವರ್ಷ ಇನ್ನೊಂದು ಹೊಸ ಸಂಗತಿಯೂ ಆ ಶೆಡ್ಡಿಗೆ ಬಂದಿತ್ತು. ಅಲ್ಲಿಯವರೆಗೆ ನಮ್ಮ ಮಾಲು ಕಂದು ಬಣ್ಣಕ್ಕೆ ಒಣಗುತ್ತಿತ್ತು. ವ್ಯಾಪಾರಿಗಳಿಗೆ ಹಳದಿ ಬಣ್ಣದ್ದು ಬೇಕು. ಹಾಗಾಗಿ ಮಾವನವರು ಸುತ್ತಲಿನ ತೋಟದವರನ್ನು ನೋಡಿ ಮೊದಲ ಬಾರಿಗೆ ಗಂಧಕದ ಹೊಗೆ ಕೊಡಿಸಿದರು. ಶೆಡ್ಡಿನ ಸುತ್ತ ತಾಡಪತ್ರಿಯ ಹೊದಿಕೆ ಬಿಗಿದು, ಒಳಗೆ ಗಂಧಕ ಉರಿಸಿ ಹೊಗೆ ತುಂಬಿಸುವುದು. ಆ ಹೊಗೆಗೆ ಹಣ್ಣು ಕಪ್ಪಾಗದೆ ಹಳದಿಯಾಗಿ ನಿಲ್ಲುತ್ತದೆ. ಮಾಲು ಇಳಿಸಿದ ದಿನ ರಾಶಿ ನೋಡಬೇಕಿತ್ತು, ಬಂಗಾರದ ಬಣ್ಣ. ಮಾವ ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತ ನಗುತ್ತಿದ್ದರು.

ಆ ರಾಶಿಯ ನಡುವಿನಿಂದ ನನ್ನ ರೂಪಾಯಿ ಹೊರಬಂತು. ಆಗ ಅದು ಈಗಿನಷ್ಟು ಚೆಂದ ಕಾಣಿಸಲಿಲ್ಲ. ಕಣ್ಣಿಗೆ ಕಂಡದ್ದು ಕಪ್ಪು ಮಾತ್ರ, ಕಪ್ಪಿನ ನಡುವೆ ನನ್ನ ಹೆಬ್ಬೆರಳು.

ಹಣ್ಣನ್ನು ಹಳದಿಯಾಗಿ ಉಳಿಸುವ ಹೊಗೆಯೇ ಬೆಳ್ಳಿಯನ್ನು ಕರ್ರಗೆ ಮಾಡುತ್ತದೆಂದು ಯಾರಿಗೆ ಹೊಳೆದೀತು? ಮಾಲಿಗೆ ಒಳ್ಳೆಯದನ್ನೇ ಮಾಡಿದ ಹೊಗೆಯ ಮೇಲೆ ಯಾರೂ ಸಂಶಯಪಡಲಿಲ್ಲ. ಶೆಡ್ಡಿಗೆ ಆ ವರ್ಷ ಬಂದ ಹೊಸಬರು ಇಬ್ಬರೇ, ಗಂಧಕ ಮತ್ತು ನಾನು. ಗಂಧಕಕ್ಕೆ ಬೆರಳುಗಳಿಲ್ಲ.

ಮಾವನವರ ಅಕ್ಕ ಆಗ ಮನೆಗೆ ಬಂದಿದ್ದರು. ಅವರನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರಿಂದ ಮನೆಯಲ್ಲಿ ಎಲ್ಲರೂ ಬಬಲೇಶ್ವರದವರು ಎಂದೇ ಕರೆಯುತ್ತಿದ್ದರು. ಎತ್ತರದ ಆಳು, ಕಂಚಿನ ಕಂಠ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು, ಹಾಗಾಗಿ ಮಾವನವರು ಅವರ ಮುಂದೆ ಇಂದಿಗೂ ಕುರ್ಚಿಯ ಅಂಚಿನಲ್ಲೇ ಕೂರುತ್ತಾರೆ. ಅವರು ನಾಣ್ಯವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ತಮ್ಮಾ, ಇಷ್ಟ ವರ್ಷ ಲಕ್ಷ್ಮಿ ಬೆಳ್ಳಗ ಇಳದು ಬಂದಾಳ. ಈ ವರ್ಷ ಯಾಕ ಕರ್ರಗಾದ್ಲು? ಇಟ್ಟವರ ಬೆರಳು ಹ್ಯಾಂಗ ಮೂಡೇತಿ ನೋಡಿಲ್ಲೆ."

ಮಾವ ಕುರ್ಚಿಯ ಅಂಚಿನಿಂದ ಇನ್ನಷ್ಟು ಮುಂದೆ ಸರಿದರು.

"ನಾ ಕೆಟ್ಟ ಮಾತ ಆಡಾಕತ್ತಿಲ್ಲ. ಹುಡುಗಿ ಚಲೋ ಅದಾಳ. ಕೈಗುಣಕ್ಕ ಆಕಿ ಏನ ಮಾಡ್ಯಾಳು? ಆದ್ರ ಇನ್ನೂ ಅರ್ಧ ಮಾಲು ಶೆಡ್ಡಿನ್ಯಾಗ ಐತಿ. ಅದು ಇಳಿಯೂತನಕ ಆಕಿ ತವರಮನ್ಯಾಗ ಇರಲಿ. ಆಮ್ಯಾಲ ಸ್ವಾಮಿಗೋಳನ್ನ ಕೇಳೂಣು."

ನಾನು ಬಾಗಿಲ ಹಿಂದೆ ನಿಂತಿದ್ದೆ. ಮದುವೆಯ ಅರಿಶಿನ ಇನ್ನೂ ಸರಿಯಾಗಿ ಹೋಗಿರಲಿಲ್ಲ, ಅಷ್ಟರಲ್ಲಿ ಕೈಗುಣ ಸರಿಯಿಲ್ಲವೆಂದು ತವರಿಗೆ ಹೋಗಿ ನಿಂತರೆ ನಮ್ಮ ತಂದೆಯ ಮುಖ ಹೇಗಾದೀತು ಎಂದು ಯೋಚಿಸಿದೆ. ಒಮ್ಮೆ ಹಾಗೆ ಹೋದವಳಿಗೆ ಹಿಂದಿರುಗಿ ಬಂದ ಮೇಲೂ ಆ ಹೆಸರು ತಪ್ಪುವುದಿಲ್ಲ. ಮುಂದೆ ಹಾಲು ಒಡೆದರೂ ಆಕಳು ಕರು ಹಾಕದಿದ್ದರೂ ಎಲ್ಲರ ಕಣ್ಣೂ ನನ್ನ ಕೈಯ ಮೇಲೇ. ನಮ್ಮವರು ಅಂಗಳದಲ್ಲಿ ನಿಂತು ಕತ್ತು ಕೆರೆದುಕೊಳ್ಳುತ್ತಿದ್ದರು. ಕಷ್ಟದ ಹೊತ್ತಿನಲ್ಲಿ ಅವರ ಕೈ ತಾನಾಗಿ ಕತ್ತಿಗೆ ಹೋಗುತ್ತದೆ. ಇನ್ನು ನಾನು, ಬೆಳ್ಳಿ ಮತ್ತು ಗಂಧಕದ ಸಮೀಕರಣ ಬರೆದು ಅಂಕ ತೆಗೆದುಕೊಂಡವಳು, ಏನು ಮಾಡುತ್ತಿದ್ದೆ ಗೊತ್ತೆ? ನನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದೆ. ಇದರಲ್ಲಿ ಏನೋ ಇರಬಹುದು ಎಂದು ನನಗೇ ಅನ್ನಿಸಿಬಿಟ್ಟಿತ್ತು.

ಆಗ ಅತ್ತೆ ಒಳಗಿನಿಂದ ಬಂದರು. ನಮ್ಮ ಅತ್ತೆ ನೀಲವ್ವ ಕುಳ್ಳಗೆ, ತೆಳ್ಳಗೆ, ನಾಲ್ಕು ಮಂದಿಯ ನಡುವೆ ನಿಂತರೆ ಕಾಣುವುದಿಲ್ಲ. ಗಂಡನ ಅಕ್ಕನ ಮಾತಿಗೆ ಎದುರಾಡಿದ್ದನ್ನು ಕಂಡವರಿಲ್ಲ. ಅವತ್ತೂ ಎದುರಾಡಲಿಲ್ಲ.

"ನೀವ ಹೇಳೂದು ಖರೇ ಇರಬಹುದ್ರಿ ಅಕ್ಕಾರ," ಎಂದರು. "ಆದ್ರ ಒಂದ ಸಲ ನೋಡಿಬಿಡೂಣ್ರಿ. ಆಮ್ಯಾಲ ಹರವಿದ ಮಾಲಿಗೆ ಇವತ್ತ ಸಂಜಿಗೆ ಹೊಗಿ ಕೊಡವ್ರದೀವಿ. ಸೊಸಿ ಆ ಕಡೆ ಹಾಯೂದೂ ಬ್ಯಾಡ. ನನ್ನ ಕರಡಗಿ ಅಲ್ಲಿ ಇಡೂಣು."

ಅಷ್ಟು ಹೇಳಿ ಕೊರಳಿಗೆ ಕೈ ಹಾಕಿದರು. ಕೊರಳಲ್ಲಿ ಅವರು ಧರಿಸುವ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಅದು ಅವರಿಗೆ ಅವರ ತಾಯಿ ಕೊಟ್ಟದ್ದು. ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಹೊರತೆಗೆದು ಬಿಳಿಯ ಬಟ್ಟೆಯಲ್ಲಿ ಸುತ್ತಿ ಮತ್ತೆ ಕೊರಳಿಗೆ ಕಟ್ಟಿಕೊಂಡರು. ಖಾಲಿ ಕರಡಿಗೆಯನ್ನು ಗಂಡನ ಅಕ್ಕನ ಮುಂದೆ ಹಿಡಿದರು.

ಬಬಲೇಶ್ವರದವರು ಹಿಂದೆ ಸರಿದರು. "ಏ ನೀಲವ್ವಾ, ಲಿಂಗದ ಕರಡಗಿ ಬೇ ಅದು!"

"ಅದಕ್ಕ ಅದನ್ನ ಕೊಡಾಕತ್ತೇನ್ರಿ. ಅದಕ್ಕ ಯಾರ ಕೈಗುಣಾನೂ ತಟ್ಟೂದಿಲ್ಲಲ್ರಿ. ನಿಮ್ಮ ಕೈಲೇ 'ಶಿವಾ' ಅಂತ ಇಡ್ರಿ. ನಾಳೆ ಮುಂಜಾನೆ ನೀವ ತಗೀರಿ. ಬೆಳ್ಳಗ ಉಳೀತು, ನಾನ ಇಕಿ ಬಟ್ಟಿ ಗಂಟು ಕಟ್ಟಿ ತವರಿಗೆ ಬಿಟ್ಟ ಬರ್ತೇನಿ. ಕರ್ರಗಾತು, ಆ ಮಾತ ಇಲ್ಲಿಗೇ ಬಿಡ್ರಿ."

ನನ್ನ ಪರವಾಗಿ ಬಂದವರೆಂದು ತಿಳಿದರೆ ಇವರು ನನ್ನ ಬಟ್ಟೆ ಗಂಟಿನ ಮಾತಾಡುತ್ತಿದ್ದಾರೆ! ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಬಲೇಶ್ವರದವರು ವಿಭೂತಿ ಹಚ್ಚಿಕೊಂಡ ಬೆರಳಿನಿಂದ ಕರಡಿಗೆಯನ್ನು ಹಿಡಿದು, ಶೆಡ್ಡಿನೊಳಗೆ ಹೋಗಿ, ಬಲೆಯ ಮೇಲೆ ಇಟ್ಟು ಬಂದರು. ಮಾವ ತಾಡಪತ್ರಿ ಬಿಗಿಸಿದರು. ಸಂಜೆ ಗಂಧಕಕ್ಕೆ ಬೆಂಕಿ ಇಟ್ಟರು.

ಆ ಸಂಜೆ ನಾನು ಮಾಡಿದ ರೊಟ್ಟಿ ಒಂದೂ ದುಂಡಗಾಗಲಿಲ್ಲ. ಮಲಗುವ ಮೊದಲು ನನ್ನ ಟ್ರಂಕಿನ ಮುಂದೆ ಕುಳಿತು ಯಾವ ಸೀರೆ ಒಯ್ಯುವುದು, ಯಾವುದನ್ನು ಬಿಡುವುದು ಎಂದು ನೋಡಿದ್ದೂ ಉಂಟು. ಎಲ್ಲವನ್ನೂ ಒಯ್ದರೆ ಮರಳಿ ಬರುವುದಿಲ್ಲ ಅಂದುಕೊಂಡಾರು. ಸ್ವಲ್ಪವೇ ಒಯ್ದರೆ ತಂದೆಗೆ ಏನು ಹೇಳಲಿ? ಕೊನೆಗೆ ಏನನ್ನೂ ತೆಗೆಯದೆ ಮುಚ್ಚಿಟ್ಟೆ.

ಮುಂಜಾನೆ ತಾಡಪತ್ರಿ ಬಿಚ್ಚಿದಾಗ ಎಲ್ಲರೂ ಕೆಮ್ಮುತ್ತ ಕಣ್ಣೊರೆಸಿಕೊಂಡೆವು. ಘಾಟು ಹೋಗಲೆಂದು ಸ್ವಲ್ಪ ಹೊತ್ತು ಹೊರಗೇ ನಿಂತೆವು. ಬಬಲೇಶ್ವರದವರು ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ಹೊರಬಂದಾಗ ಅವರ ಅಂಗೈಯಲ್ಲಿ ಕರಡಿಗೆ ಇತ್ತು. ಅಂಚಿಗೆ ಜೇನಿನ ಬಣ್ಣ, ಮೈಯೆಲ್ಲ ಕರಿನೇರಳೆ. ತಳದಲ್ಲಿ ಬಲೆಯ ಕಣ್ಣುಗಳು. ಹೊಟ್ಟೆಯ ಮೇಲೆ, ಅವರು ಹಿಡಿದಿದ್ದ ಜಾಗದಲ್ಲಿ, ದೊಡ್ಡದೊಂದು ಹೆಬ್ಬೆರಳು.

ಅವರು ಕರಡಿಗೆ ನೋಡಿದರು, ತಮ್ಮ ಬೆರಳು ನೋಡಿದರು. ಬೆರಳನ್ನು ಮೆಲ್ಲಗೆ ಸೀರೆಗೆ ಒರೆಸಿಕೊಂಡರು. ಮಾವನವರಿಗೆ ಇದ್ದಕ್ಕಿದ್ದಂತೆ ಶೆಡ್ಡಿನ ಕಂಬವೊಂದು ಸಡಿಲಾಗಿದೆ ಅನ್ನಿಸಿ ಅದನ್ನು ಅಲುಗಾಡಿಸುತ್ತ ನಿಂತರು. ಆಗ ನಮ್ಮವರ ಬಾಯಿಂದ, ಎರಡು ದಿನಗಳಲ್ಲಿ ಮೊದಲ ಬಾರಿಗೆ, ಮಾತು ಹೊರಟಿತು.

"ಹೊಗಿ... ಇದು ಗಂಧಕದ ಹೊಗಿ ಕೆಲಸಾ ಅಪ್ಪಾ. ಈ ವರ್ಷ ಹೊಸದಾಗಿ ಹಾಕ್ಸಿದ್ದು ಅದೊಂದ."

ಆ ಗಳಿಗೆಯನ್ನು ಕಾಪಾಡಿದವರು ಬಬಲೇಶ್ವರದವರೇ. "ಹಂಗಾದ್ರ ತವರಿಗೆ ಕಳಸೂದು ಈ ಹೊಗೀನ ಬೇ!" ಎಂದು ಕಂಚಿನ ಕಂಠದಲ್ಲಿ ನಕ್ಕರು. ನಗುತ್ತಲೇ ಬಂದು ನನ್ನ ಕೈ ಹಿಡಿದುಕೊಂಡರು. "ತಪ್ಪ ತಿಳಕೋಬ್ಯಾಡವ್ವಾ. ತಮ್ಮನ ಮನೀ ಅಂದ್ರ ನನಗ ಜೀವಾ ತಡಿಯೂದಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಹೊಗೆಗೆ ಬಂದದ್ದೋ ಬೇರೆಯದೋ ನಾನು ಕೇಳಲಿಲ್ಲ. ಅವತ್ತು ಅವರು ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡು ಉಂಡರು. ಇಂದಿಗೂ ಸಾರವಾಡದ ಹಾದಿಯಲ್ಲಿ ಬಸ್ಸು ಹಿಡಿದು ನಮ್ಮ ಮನೆಗೆ ಬಂದರೆ, ನನ್ನ ಕೈಯಿಂದಲೇ ಚಹಾ ಆಗಬೇಕು ಅವರಿಗೆ.

ಆ ಮಧ್ಯಾಹ್ನ ಅತ್ತೆ ರೂಪಾಯಿಯನ್ನು ತಂದು ಮತ್ತೆ ನನ್ನ ಅಂಗೈಯಲ್ಲಿಟ್ಟರು. "ನಿನ್ನ ಬೆರಳ ಮೂಡೇತಿ. ಇನ್ನ ಇದು ನಿಂದ. ಲಕ್ಷ್ಮೀಗೆ ಬ್ಯಾರೆ ತರಿಸಿದ್ರಾತು." ಅಷ್ಟು ಹೇಳಿ ಹೋಗಿಬಿಟ್ಟರು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ವರ್ಷಗಳು ಕಳೆದಂತೆ ಆ ಕಪ್ಪು ತಿಳಿಯಾಗಿ ಒಳಗಿನ ಬಣ್ಣಗಳು ಕಾಣಿಸತೊಡಗಿದವೋ, ಅಥವಾ ಮೊದಲಿನಿಂದ ಇದ್ದ ಬಣ್ಣಗಳನ್ನು ಅಳುಮುಖದಲ್ಲಿ ನಾನು ನೋಡಿರಲಿಲ್ಲವೋ, ಹೇಳಲಾರೆ. ಅಕ್ಷತಾ ತನ್ನ ಮೊಬೈಲು ನೋಡಿ ವಿವರಿಸಿದಳು. ಗಂಧಕ ತಾಗಿದಾಗ ಬೆಳ್ಳಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂರುತ್ತದೆ. ಪದರ ತೆಳುವಿದ್ದಲ್ಲಿ ಹಳದಿ, ದಪ್ಪವಾದಂತೆ ಕೆಂಪು, ನೇರಳೆ, ನೀಲಿ, ಇನ್ನೂ ದಪ್ಪವಾದರೆ ಬರೀ ಕಪ್ಪು. ಮಳೆನೀರಿನ ಮೇಲೆ ಸ್ಕೂಟರಿನ ಎಣ್ಣೆ ಬಿದ್ದಾಗ ಬಣ್ಣ ಕಾಣುವುದಿಲ್ಲವೆ, ಹಾಗೆ. ಬಲೆಯ ಎಳೆ ತಾಗಿದಲ್ಲಿ ಒಂದು ಬಗೆ, ಎಳೆಗಳ ನಡುವೆ ಇನ್ನೊಂದು ಬಗೆ. ಎಣ್ಣೆ ಬೆರಳಿನ ಗೆರೆ ಒತ್ತಿದ ಕಡೆ ಹೊಗೆ ಸರಿಯಾಗಿ ತಾಗದೆ ಬೆಳ್ಳಿ ಬೆಳ್ಳಗೇ ಉಳಿಯಿತು, ಗೆರೆಗಳ ನಡುವೆ ಕಪ್ಪಾಯಿತು. ತಾಮ್ರದ ಪಾಲು ತನ್ನ ಕೆಂಪನ್ನು ಸೇರಿಸಿತು. ಎಲ್ಲ ಸರಿಯಾಗಿದೆ, ನಾನೂ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದಿದ್ದೆ. ಬಾಗಿಲ ಹಿಂದೆ ನಿಂತಿದ್ದಾಗ ನೆನಪಾಗಲಿಲ್ಲ ಅಷ್ಟೆ.

ಈಗ ಸುಗ್ಗಿಯಲ್ಲಿ ಎಲ್ಲರೂ ತೋಟಕ್ಕೆ ಹೋಗುತ್ತೇವೆ. ಉಳಿದ ಕಾಲಕ್ಕೆ ನಮ್ಮವರು ಬೈಕಿನಲ್ಲಿ ತೋಟಕ್ಕೂ ವಿಜಯಪುರಕ್ಕೂ ಓಡಾಡುತ್ತಾರೆ. ಅತ್ತೆ ಹೆಚ್ಚಾಗಿ ನನ್ನ ಹತ್ತಿರವೇ ಇರುತ್ತಾರೆ. ಅವರ ಕೊರಳಲ್ಲಿ ಅದೇ ಕರಿನೇರಳೆ ಕರಡಿಗೆ. ತಿಕ್ಕುವ ಹುಚ್ಚಿನ ಮಗನಿಂದ ಅದನ್ನು ಅವರು ಇಷ್ಟು ವರ್ಷ ಕಾಪಾಡಿಕೊಂಡಿದ್ದಾರೆ. ಮದುವೆ ಮುಂಜಿಗಳಲ್ಲಿ ಯಾರಾದರೂ, "ಯಾಕ್ರಿ, ಬೆಳ್ಳಿ ತಿಕ್ಕೂದಿಲ್ಲೇನ್ರಿ?" ಎಂದು ಕೇಳಿದರೆ, "ನಮ್ಮ ಸೊಸಿ ಬಿಡೂದಿಲ್ರಿ" ಎಂದು ನನ್ನ ಮೇಲೆ ಹಾಕುತ್ತಾರೆ. ನಾನು ಆ ಆರೋಪವನ್ನು ಸಂತೋಷದಿಂದ ಹೊತ್ತುಕೊಳ್ಳುತ್ತೇನೆ. ಈ ಮನೆಯಲ್ಲಿ ನಾನು ತಲೆಯೆತ್ತಿ ಓಡಾಡುತ್ತಿರುವುದು, ಹಬ್ಬಕ್ಕೆ ಕಿರುಚುವಷ್ಟು ಸಲಿಗೆ ಪಡೆದಿರುವುದು ಅವರಿಂದ. ಇದನ್ನು ಅವರ ಮುಂದೆ ಹೇಳಿದರೆ, "ಸುಮ್ಮ ಕುಂಡರ ಬೇ" ಎನ್ನುತ್ತಾರೆ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಹಬ್ಬದ ದಿನ ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ರೂಪಾಯಿಯ ಗಲಾಟೆಯಿಂದಾಗಿ ಹಳೆಯದೆಲ್ಲ ತಲೆಯಲ್ಲಿ ತಿರುಗುತ್ತಿತ್ತು. ಇಷ್ಟು ವರ್ಷ ಕೇಳದ ಒಂದು ಮಾತನ್ನು ಕೇಳಿಬಿಟ್ಟೆ.

"ಅತ್ತಿ, ಗಂಧಕಕ್ಕ ಬೆಳ್ಳಿ ಕರ್ರಗಾಗ್ತೈತಿ ಅಂತ ಆವತ್ತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ನನಗ ಹ್ಯಾಂಗ ಗೊತ್ತಿರತೈತಿ? ಸಾಲಿ ಕಲತಾಕಿ ನೀನು."

"ಮತ್ತ ಕರಡಗಿ ಬೆಳ್ಳಗ ಉಳದಿದ್ರ? ನನ್ನ ಖರೇನ ಕಳಸ್ತಿದ್ರೇನು?"

ಅತ್ತೆ ಬತ್ತಿಯನ್ನು ಹೊಸೆದು ಮುಗಿಸಿ ತಟ್ಟೆಯಲ್ಲಿಟ್ಟರು. ಇನ್ನೊಂದಕ್ಕೆ ಹತ್ತಿ ಎಳೆದುಕೊಂಡರು.

"ನೀವೆಲ್ಲಾ ಏಳೂಕಿಂತ ಮೊದಲ ನಸಿಕಿನ್ಯಾಗ ಎದ್ದು ಶೆಡ್ಡಿಗೆ ಹೋಗಿದ್ನೆಲ್ಲ. ಸೆರಗಿನ್ಯಾಗ ಒಲಿ ಮಸಿ ಕಟಗೊಂಡು."

ನಾನು ಅವರ ಕಡೆಗೆ ತಿರುಗಿ ಕುಳಿತೆ.

"ಮಸಿ?"

"ಹೂಂ. ಬೆಳ್ಳಗಿದ್ರ ಹಚ್ಚಿ ಬರೂಣು ಅಂತ. ಕೊರಳಾಗಿನ ಲಿಂಗಪ್ಪಗ ಮೊದಲ ಹೇಳಿದ್ನಿ, ಹಿಂಗಿಂಗ ಮಾಡಾಕಿದೀನಿ, ಸಿಟ್ಟಾಗಬ್ಯಾಡ ಅಂತ. ತಾಡಪತ್ರಿ ಎತ್ತಿ ನೋಡಿದ್ರ ತಾನ ಕರ್ರಗ ಆಗಿತ್ತು. ಮಸಿ ಬೇಕಾಗಲಿಲ್ಲ." ಬತ್ತಿಯ ತುದಿಯನ್ನು ಬೆರಳಲ್ಲಿ ತಿರುವುತ್ತ ಅವರು ಮುಖ ಸಪ್ಪಗೆ ಮಾಡಿಕೊಂಡರು. "ಆದ್ರ ಆ ಹಸರ ಇಳಕಲ್ ಸೀರಿ ಕೆಟ್ಟ ಹೋತು ನೋಡು. ಹೊಸಾದಿತ್ತು. ಎಷ್ಟ ಒಗದ್ರೂ ಸೆರಗಿನ ಕಲಿ ಹೋಗಲಿಲ್ಲ."